ಐವತ್ತು ವರ್ಷದ ವಿಮಾನ, ಇಪ್ಪತ್ತು ವರ್ಷದ ಕಂಪ್ಯೂಟರ್

ಸುಮಾರು ದಿನಗಳಿಂದ ಇಲ್ಲಿ ಏನೂ ಬರೆದಿರಲಿಲ್ಲ. ಆಫೀಸಿನಲ್ಲಿ ರಿಲೀಸು, ಮನೆಯಲ್ಲಿ ನೆಗಡಿ, ಹೀಗೆ ಏನೋ ಒಂದು ನೆಪ. ಈಗ ಮಾತ್ರ ಬರೆಯದೇ ಇರೋಕಾಗ್ತಿಲ್ಲ. ಬರುವ ಶನಿವಾರ ನಮ್ಮ ಫ್ಲೈಯಿಂಗ್ ಕ್ಲಬ್ಬಿನಲ್ಲಿ ವೋಟಿಂಗ್ ಇದೆ. ನಮ್ಮ ಹಳೇ ಸೆಸ್ನಾ 172 ಅನ್ನು ಮಾರಿ, ಮೇಲೆ ಸಾಲ ಮಾಡಿ, ಒಂದು ಸೆಕೆಂಡ್ ಹ್ಯಾಂಡ್ ಸಿರಸ್ ಎಸ್ಆರ್20 ತಗೋಬೇಕೋ ಬೇಡವೋ ಅನ್ನೋದು ಪ್ರಶ್ನೆ. ನಮ್ಮ ಸೆಸ್ನಾ 1975ರದ್ದು. ನನಗಿಂತ ಇಪ್ಪತ್ತೆರಡು ವರ್ಷ ದೊಡ್ಡದು. ಸಿರಸ್ 2006ರದ್ದು. ಅಂದರೆ "ಹೊಸದು" ಅಂತ ನಾವು ಕರೀತಿರೋದಕ್ಕೂ ಈಗ ಇಪ್ಪತ್ತು ವರ್ಷ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

"ನಿನಗೆ ವಿಮಾನ ಕೊಳ್ಳುವಷ್ಟು ದುಡ್ಡು ಎಲ್ಲಿಂದ ಬಂತೋ?" ಅಂತ ಕೇಳಬೇಡಿ. ಬಂದಿಲ್ಲ. ಬಂದಿದ್ದರೂ ಅಮೆರಿಕದಲ್ಲಿ ನನ್ನ ಹೆಸರಿಗೆ ವಿಮಾನ ನೋಂದಾಯಿಸೋಕೆ ಆಗಲ್ಲ. ಇಲ್ಲಿನ ಪ್ರಜೆ ಆಗಿರಬೇಕು, ಇಲ್ಲಾಂದ್ರೆ ಗ್ರೀನ್ ಕಾರ್ಡ್ ಇರಬೇಕು. ನನ್ನಂಥ ಎಚ್-1ಬಿ ಗಿರಾಕಿಗಳಿಗೆ ಕ್ಲಬ್ಬೇ ಗತಿ. ನಮ್ಮದು ಹನ್ನೆರಡು ಜನರ ಪುಟ್ಟ ಕ್ಲಬ್. ನೋಂದಣಿ ಕ್ಲಬ್ಬಿನ ಹೆಸರಲ್ಲಿ, ಖರ್ಚು ಹನ್ನೆರಡು ಪಾಲು. ತಿಂಗಳಿಗೊಂದಿಷ್ಟು ಕೊಟ್ಟು, ಹಾರಿದ ಗಂಟೆಗೊಂದಿಷ್ಟು ಕೊಡೋದು. ಒಂಥರಾ ಚೀಟಿ ಹಾಕಿದ ಹಾಗೆ, ಆದರೆ ಇಲ್ಲಿ ಚೀಟಿ ಎತ್ತಿದರೆ ಕೈಗೆ ದುಡ್ಡು ಬರಲ್ಲ, ಪೆಟ್ರೋಲ್ ಬಿಲ್ ಬರುತ್ತೆ :-)

ಅಮ್ಮನಿಗೆ ಫೋನಿನಲ್ಲಿ ಈ ವಿಷಯ ಹೇಳಿದೆ. ಅಮ್ಮ ಕೇಳಿದ್ದು ಒಂದೇ ಪ್ರಶ್ನೆ. "ಐವತ್ತು ವರ್ಷದ ಬಸ್ಸಾದರೆ ನಾನು ಹತ್ತೋದೇ ಇಲ್ಲ. ನೀನು ಐವತ್ತು ವರ್ಷದ ವಿಮಾನದಲ್ಲಿ ಹೋಗ್ತೀಯೇನೋ?" ಅಪ್ಪ ಹಿಂದಿನಿಂದ, "ಹೊಸದು ತಗೊಳ್ಳೋಕೆ ಹೇಳೇ ಅವನಿಗೆ" ಅಂದರು. ಇಪ್ಪತ್ತು ವರ್ಷ ಒಂದೇ ಬಜಾಜ್ ಸ್ಕೂಟರನ್ನು ಓಡಿಸಿದ ಮನುಷ್ಯ ಹೇಳುವ ಮಾತೇ ಇದು! ಇಬ್ಬರೂ ಜೂನ್‌ನಲ್ಲಿ ಇಲ್ಲಿಗೆ ಬರ್ತಿದ್ದಾರೆ. ಚಿಕ್ಕವನಿದ್ದಾಗ ಜಕ್ಕೂರಿನ ಬೇಲಿ ಪಕ್ಕ ಅದೇ ಸ್ಕೂಟರ್ ನಿಲ್ಲಿಸಿ, ಫ್ಲೈಯಿಂಗ್ ಸ್ಕೂಲಿನ ವಿಮಾನಗಳು ಇಳಿಯೋದನ್ನ ಗಂಟೆಗಟ್ಟಲೆ ತೋರಿಸಿದವರು ಅಪ್ಪ. ಅವರಿಬ್ಬರನ್ನೂ ಕೂರಿಸಿಕೊಂಡು ಒಂದು ಸುತ್ತು ಹಾರಿಸಬೇಕು ಅನ್ನೋದು ನಾನು ಲೈಸೆನ್ಸ್ ತಗೊಂಡ ದಿನದಿಂದ ಇರುವ ಆಸೆ. ಹಾಗಾಗಿ ಶನಿವಾರದ ವೋಟು ನನಗೆ ಬರೀ ಲೆಕ್ಕಾಚಾರ ಅಲ್ಲ.

ಮೊದಲು ಒಂದು ವಿಷಯ ಹೇಳಿಬಿಡ್ತೀನಿ. ಇಲ್ಲಿನ ಯಾವುದೇ ಸಣ್ಣ ಏರ್‌ಪೋರ್ಟಿಗೆ ಹೋಗಿ ನೋಡಿ, ಸಾಲಾಗಿ ನಿಂತಿರೋದರಲ್ಲಿ ಮುಕ್ಕಾಲು ಪಾಲು ಹಳೇ ವಿಮಾನಗಳೇ. ಈ ದೇಶದ ಸಣ್ಣ ಪಿಸ್ಟನ್ ವಿಮಾನಗಳ ಸರಾಸರಿ ವಯಸ್ಸು ನಲವತ್ತು ದಾಟಿದೆ. ಮೂರು ವರ್ಷಕ್ಕೊಮ್ಮೆ ಕಾರು ಬದಲಾಯಿಸುವ ಊರಿನಲ್ಲಿ ಹೀಗ್ಯಾಕೆ? ಇದಕ್ಕೆ ಒಂದು ಕಥೆ ಇದೆ.

ಅಮೆರಿಕದ ಸಣ್ಣ ವಿಮಾನದ ಉದ್ಯಮ ಉತ್ತುಂಗದಲ್ಲಿ ಇದ್ದದ್ದು 1978ರಲ್ಲಿ. ಆ ಒಂದೇ ವರ್ಷ 17,000ಕ್ಕೂ ಹೆಚ್ಚು ವಿಮಾನಗಳು ಕಾರ್ಖಾನೆಯಿಂದ ಹೊರಬಂದವು. ಆಮೇಲೆ ಬಡ್ಡಿ ದರ ಏರಿತು, ಆರ್ಥಿಕ ಹಿಂಜರಿತ ಬಂತು. ಜೊತೆಗೆ ಕೋರ್ಟ್ ಕೇಸುಗಳು. ಮೂವತ್ತು ವರ್ಷದ ಹಿಂದೆ ಮಾಡಿ ಮಾರಿದ ವಿಮಾನ ಬಿದ್ದರೂ ಕಂಪನಿ ಮೇಲೆ ಕೇಸು. ವಿಮೆಯ ಖರ್ಚೇ ತಡೆಯಲಾರದಷ್ಟಾಯಿತು. 1986ರಲ್ಲಿ ಸೆಸ್ನಾ ತನ್ನ ಸಿಂಗಲ್ ಇಂಜಿನ್ ಪಿಸ್ಟನ್ ವಿಮಾನಗಳ ತಯಾರಿಕೆಯನ್ನೇ ನಿಲ್ಲಿಸಿತು. 1994ರ ಹೊತ್ತಿಗೆ ಇಡೀ ದೇಶದಲ್ಲಿ ವರ್ಷಕ್ಕೆ ಸಾವಿರ ವಿಮಾನ ಕೂಡ ತಯಾರಾಗದ ಸ್ಥಿತಿ. ಅದೇ ವರ್ಷ ಒಂದು ಕಾನೂನು ಬಂತು. ಮಾರಿ ಹದಿನೆಂಟು ವರ್ಷ ಆದ ಮೇಲೆ ಸಣ್ಣ ವಿಮಾನದ ತಯಾರಕರ ಮೇಲೆ ಸಾಮಾನ್ಯವಾಗಿ ಕೇಸು ಹಾಕುವಂತಿಲ್ಲ ಅಂತ. ಆಮೇಲೆ ಸೆಸ್ನಾ ಕಾನ್ಸಾಸ್‌ನಲ್ಲಿ ಹೊಸ ಕಾರ್ಖಾನೆ ಕಟ್ಟಿ 1996ರಲ್ಲಿ 172 ಅನ್ನು ಮತ್ತೆ ಶುರು ಮಾಡಿತು. ಹತ್ತು ವರ್ಷದ ಖಾಲಿ ಜಾಗ. "ಹಳೇದು" "ಹೊಸದು" ಅಂತ ಇಲ್ಲಿ ಜನ ಮಾತಾಡುವಾಗ ನಡುವೆ ಇರೋದು ಈ ಗುಂಡಿಯೇ.

ಬೆಲೆಯ ಕಥೆ ಇನ್ನೊಂದು. 1975ರಲ್ಲಿ ಒಂದು ಹೊಸ 172ಕ್ಕೆ ಇಲ್ಲಿನ ಸಾಧಾರಣ ಮನೆಯ ಬೆಲೆಗಿಂತ ಬಹಳ ಕಡಿಮೆ ಇತ್ತು. ಸ್ಕೂಲ್ ಮೇಷ್ಟ್ರು, ರೈತ, ದಂತವೈದ್ಯರು ಕೊಳ್ಳುತ್ತಿದ್ದರು. ಇವತ್ತು ಹೊಸ 172ಕ್ಕೆ ನಾಲ್ಕು ಲಕ್ಷ ಡಾಲರ್ ದಾಟಿದೆ, ಅಂದರೆ ಒಂದು ಮನೆಯೇ. ಹೊಸ ಸಿರಸ್ ಎಸ್ಆರ್22 ಎಂಟು ಲಕ್ಷ ದಾಟುತ್ತೆ. ಹಾಗಾಗಿ ಸಂಬಳದ ಜನ "ಹಳೇದೋ ಹೊಸದೋ" ಅಂತ ಕೇಳಿದರೆ ಅದು "ಎಷ್ಟು ಹಳೇದು?" ಅನ್ನೋ ಪ್ರಶ್ನೆ ಅಷ್ಟೇ.

ಸರಿ, ಈಗ ಅಮ್ಮನ ಪ್ರಶ್ನೆಗೆ ಬರೋಣ. ಐವತ್ತು ವರ್ಷದ ಲೋಹದ ತಗಡನ್ನು ನಂಬಬಹುದಾ?

ವಿಮಾನದ ವಯಸ್ಸನ್ನು ಎರಡು ಥರ ಎಣಿಸಬೇಕು: ಕ್ಯಾಲೆಂಡರಿನಲ್ಲಿ ಒಂದು, ಹಾರಿದ ಗಂಟೆಗಳಲ್ಲಿ ಇನ್ನೊಂದು. ಕ್ಯಾಲೆಂಡರ್ ತರೋದು ತುಕ್ಕು. ಗಂಟೆಗಳು ತರೋದು ಲೋಹದ ಆಯಾಸ. ಒಂದು ತಂತಿಯನ್ನು ಹಿಂದೆ ಮುಂದೆ ಬಗ್ಗಿಸ್ತಾ ಇದ್ದರೆ ಕೊನೆಗೆ ಪಟ್ ಅಂತ ಮುರಿಯುತ್ತಲ್ಲ, ಅದು. ಇದಕ್ಕೆ ಒಂದು ದುಃಖದ ಉದಾಹರಣೆ ಇದೆ. 2018ರ ಏಪ್ರಿಲ್‌ನಲ್ಲಿ ಫ್ಲಾರಿಡಾದ ಡೇಟೋನಾ ಬೀಚ್‌ನಲ್ಲಿ ತರಬೇತಿಯ ಪೈಪರ್ ವಿಮಾನವೊಂದರ ರೆಕ್ಕೆ ಹಾರುತ್ತಿರುವಾಗಲೇ ಕಳಚಿ ಬಿತ್ತು. ವಿದ್ಯಾರ್ಥಿ ಮತ್ತು ಪರೀಕ್ಷಕ ಇಬ್ಬರೂ ತೀರಿಕೊಂಡರು. ಆ ವಿಮಾನ ಎಷ್ಟು ಹಳೇದು ಅಂದುಕೊಂಡಿರಿ? 2007ರದ್ದು. ಬರೀ ಹನ್ನೊಂದು ವರ್ಷ. ಆದರೆ ಅಷ್ಟರಲ್ಲೇ ಅದು ಹಾರಿದ್ದು 7,600 ಗಂಟೆಗೂ ಹೆಚ್ಚು, ಅದೂ ತರಬೇತಿಯ ಹಾರಾಟ. ದಿನಾ ಕೆಳಮಟ್ಟದಲ್ಲಿ ಸುತ್ತು, ಇಳಿ, ಏರು, ಮತ್ತೆ ಇಳಿ. ರೆಕ್ಕೆಯನ್ನು ಹಿಡಿದಿಡುವ ತೊಲೆಯ ಬೋಲ್ಟ್ ತೂತಿನ ಹತ್ತಿರ ಕಣ್ಣಿಗೆ ಕಾಣದ ಬಿರುಕು ಬೆಳೆದಿತ್ತು. ಆಮೇಲೆ ಅಂಥ ಸಾವಿರಾರು ಪೈಪರ್‌ಗಳ ರೆಕ್ಕೆಯ ಬೋಲ್ಟ್ ತೂತುಗಳನ್ನು ವಿದ್ಯುತ್ ತಪಾಸಣೆಗೆ ಒಳಪಡಿಸಬೇಕು ಅಂತ ಎಫ್ಎಎ ಆದೇಶ ಹೊರಡಿಸಿತು. ಅದರಲ್ಲೂ ತಯಾರಾದ ವರ್ಷ ಮುಖ್ಯ ಆಗಲಿಲ್ಲ, ಎಷ್ಟು ದುಡಿದಿದೆ ಅನ್ನೋದೇ ಮುಖ್ಯ ಆಯಿತು.

ನಮ್ಮ ಸೆಸ್ನಾ ಐವತ್ತು ವರ್ಷದಲ್ಲಿ ಹಾರಿರೋದು 5,800 ಗಂಟೆ. ವರ್ಷಕ್ಕೆ ನೂರ ಹದಿನೈದರ ಆಸುಪಾಸು. ಅದರ ಲಾಗ್‌ಬುಕ್ಕುಗಳು ಮೊದಲ ದಿನದಿಂದಲೂ ಇವೆ. ಹುಡುಗಿ ನೋಡುವಾಗ ಜಾತಕ ನೋಡಿದ ಹಾಗೆ ಹಳೇ ವಿಮಾನ ಕೊಳ್ಳುವವರು ಮೊದಲು ಕೇಳೋದು ಇದನ್ನೇ. ನಾನು ಒಂದು ಇಡೀ ಭಾನುವಾರ ಕೂತು ಓದಿದೆ. 1983ರಲ್ಲಿ ಯಾರೋ ಬಾಲ ತಾಗಿಸಿ ಇಳಿಸಿದ್ದು, 1997ರಲ್ಲಿ ಇಂಜಿನ್ ಬಿಚ್ಚಿ ಕಟ್ಟಿದ್ದು, ಎಲ್ಲಾ ಕೈಬರಹದಲ್ಲಿದೆ. ನಮ್ಮ ಕಂಪನಿಯ ಹತ್ತು ವರ್ಷದ ಕೋಡಿಗೆ ಇದರ ಅರ್ಧದಷ್ಟು ದಾಖಲೆ ಇದ್ದಿದ್ದರೆ ನಾನು ಇಷ್ಟೊತ್ತಿಗೆ ಮನೆಗೆ ಬೇಗ ಹೋಗ್ತಿದ್ದೆ!

ಆದರೆ ಹಳೇದಾದ್ದರಿಂದ ಬರುವ ನಿಜವಾದ ಅಪಾಯಗಳೂ ಇವೆ. ಬಚ್ಚಿಟ್ಟು ವಾದ ಮಾಡೋದು ಸರಿಯಲ್ಲ.

ಮೊದಲನೇದು ಬೆಲ್ಟ್. ಅಮೆರಿಕದ ನಿಯಮದ ಪ್ರಕಾರ 1978ರ ಜುಲೈ 18ರ ನಂತರ ತಯಾರಾದ ಸಣ್ಣ ವಿಮಾನಗಳ ಮುಂದಿನ ಸೀಟುಗಳಿಗೆ ಭುಜದ ಪಟ್ಟಿ ಕಡ್ಡಾಯ. ಎಲ್ಲಾ ಸೀಟುಗಳಿಗೂ ಕಡ್ಡಾಯ ಆಗಿದ್ದು 1986ರ ಡಿಸೆಂಬರಿನ ನಂತರ ತಯಾರಾದವಕ್ಕೆ. ನಮ್ಮದು 1975ರದ್ದು ತಾನೇ? ಮುಂದೆ ಹಳೇ ಕಾಲದ ಒಂದು ಅಡ್ಡಪಟ್ಟಿ ಇದೆ. ಹಿಂದಿನ ಸೀಟಿನವರಿಗೆ ಸೊಂಟದ ಬೆಲ್ಟ್ ಅಷ್ಟೇ. ಅಪಘಾತದಲ್ಲಿ ಬರೀ ಸೊಂಟದ ಬೆಲ್ಟ್ ಇದ್ದವರಿಗೆ ಸಾವು ಅಥವಾ ಗಂಭೀರ ಗಾಯದ ಸಾಧ್ಯತೆ ಭುಜದ ಪಟ್ಟಿಯೂ ಇದ್ದವರಿಗಿಂತ ಸುಮಾರು ಅರ್ಧದಷ್ಟು ಹೆಚ್ಚು ಅಂತ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿ, ಅಂದರೆ ಎನ್‌ಟಿಎಸ್‌ಬಿ, 2011ರ ಅಧ್ಯಯನದಲ್ಲಿ ಹೇಳಿದೆ. 1996ರ ನಂತರದ 172ಗಳ ಸೀಟುಗಳಾದರೆ 26 ಪಟ್ಟು ಗುರುತ್ವದ ಹೊಡೆತ ತಡೆಯುವ ಪರೀಕ್ಷೆ ಪಾಸಾದವು. 2000ದ ದಶಕದ ನಡುವಿನಿಂದ ಬೆಲ್ಟಿನಲ್ಲೇ ಏರ್‌ಬ್ಯಾಗ್ ಬಂದಿದೆ. ಇನ್ನು ಹಳೇ ಸೆಸ್ನಾಗಳ ಸೀಟಿನ ಹಳಿ ಸವೆದರೆ ಟೇಕಾಫ್ ಹೊತ್ತಿಗೆ ಸೀಟು ಜರ್ರಂತ ಹಿಂದಕ್ಕೆ ಜಾರುತ್ತೆ. ಪೈಲಟ್ ಸಹಜವಾಗಿ ಕೈಲಿದ್ದ ಹಿಡಿಯನ್ನೇ ಹಿಡಿದು ಜಗ್ಗುತ್ತಾನೆ, ಮೂಗು ಮೇಲೇಳುತ್ತೆ. ಹೀಗೆ ಜನ ಸತ್ತಿದ್ದಾರೆ. ಹಳಿ ಪರೀಕ್ಷೆ 1987ರ ಆದೇಶದಿಂದಲೂ ಕಡ್ಡಾಯ.

ಎರಡನೇದು ಇಂಜಿನ್ ಉಸಿರಾಡುವ ರೀತಿ. ಇದು ನನ್ನದೇ ಅನುಭವ, ಹೇಳೋಕೆ ಸ್ವಲ್ಪ ನಾಚಿಕೆ. ಕಳೆದ ಚಳಿಗಾಲದಲ್ಲಿ ವಾಟ್ಸನ್‌ವಿಲ್‌ಗೆ ಒಬ್ಬನೇ ಹೋಗ್ತಿದ್ದೆ. ಸಮುದ್ರದ ಪಕ್ಕದ ಊರು, ತೇವದ ಗಾಳಿ, ಚಳಿ. ಇಳಿಯೋಕೆ ಅಂತ ಥ್ರಾಟಲ್ ಎಳೆದು ಆರಾಮಾಗಿ ಕೆಳಗೆ ಬರ್ತಿದ್ದೆ. ಮತ್ತೆ ಪವರ್ ಕೊಟ್ಟರೆ ಇಂಜಿನ್ ಕೆಮ್ಮಿತು. ಮುಂದೆ ಹೋಗಲಿಲ್ಲ. ಒಂದು ಕ್ಷಣ ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯಿತು. ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಿತ್ತು. ಪೆಟ್ರೋಲ್ ಆವಿಯಾಗುವಾಗ ಒಳಗಿನ ಗಾಳಿ ತಣ್ಣಗಾಗುತ್ತೆ, ಅರ್ಧ ಮುಚ್ಚಿದ ಥ್ರಾಟಲ್ ಹತ್ತಿರ ಇನ್ನಷ್ಟು ತಣ್ಣಗೆ, ತೇವವೆಲ್ಲಾ ಅಲ್ಲೇ ಹೆಪ್ಪುಗಟ್ಟುತ್ತೆ. ಪವರ್ ಇಳಿಸುವ ಮೊದಲು ಬಿಸಿಗಾಳಿಯ ಗುಂಡಿ ಎಳೆಯಬೇಕಿತ್ತು, ಮರೆತಿದ್ದೆ. ಆಗ ಎಳೆದೆ. ಇಂಜಿನ್ ಇನ್ನೂ ಜಾಸ್ತಿ ನಡುಗಿತು, ಕರಗಿದ ನೀರನ್ನು ನುಂಗಬೇಕಲ್ಲ. ಪಾಠ ಓದದೇ ಇದ್ದಿದ್ದರೆ ಹೆದರಿ ಗುಂಡಿಯನ್ನು ಮತ್ತೆ ಒಳಗೆ ತಳ್ಳಿಬಿಡುತ್ತಿದ್ದೆನೋ ಏನೋ. ಐದಾರು ಸೆಕೆಂಡು, ಆಮೇಲೆ ಸರಿಹೋಯಿತು. ಆ ಐದಾರು ಸೆಕೆಂಡಿನಲ್ಲಿ ನಮ್ಮ ಮನೆದೇವರಿಗೆ ಎಷ್ಟು ಹರಕೆ ಹೊತ್ತೆನೋ ಲೆಕ್ಕ ಇಲ್ಲ.

1996ರ ನಂತರದ 172ರಲ್ಲಾಗಲೀ ಸಿರಸ್‌ನಲ್ಲಾಗಲೀ ಕಾರ್ಬ್ಯುರೇಟರೇ ಇಲ್ಲ. ಇಂಧನ ನೇರವಾಗಿ ಸಿಲಿಂಡರುಗಳ ಬಾಗಿಲಿಗೆ ಹೋಗುತ್ತೆ. ನಾನು ಮಾಡಿದ ತಪ್ಪನ್ನು ಮಾಡೋಕೇ ಅಲ್ಲಿ ಅವಕಾಶ ಇಲ್ಲ. ಇದು ಸಣ್ಣ ಮಾತಲ್ಲ. ಒಳ್ಳೆಯ ವಿನ್ಯಾಸ ಅಂದರೆ ಇದೇ ತಾನೇ, ತಪ್ಪು ಮಾಡುವ ದಾರಿಯನ್ನೇ ಮುಚ್ಚೋದು. ಹೊಸದರ ಪರವಾಗಿ ಇರುವ ಅತ್ಯಂತ ಬಲವಾದ ವಾದ ಇದು ಅಂತ ನನ್ನ ಅಭಿಪ್ರಾಯ.

ನಮ್ಮ ಕ್ಲಬ್ಬಿನ ಸಿರಸ್ ಪಕ್ಷದವರು ಮಾತ್ರ ಇದನ್ನು ಹೇಳಲ್ಲ. ಅವರು ಹೇಳೋದು ಪ್ಯಾರಾಶೂಟ್. ಅದೂ ಸರಿಯೇ. ಸಿರಸ್‌ನಲ್ಲಿ ಮೇಲಿನ ಕೆಂಪು ಹಿಡಿ ಎಳೆದರೆ ರಾಕೆಟ್ ಹಾರಿ, ಇಡೀ ವಿಮಾನಕ್ಕೇ ಪ್ಯಾರಾಶೂಟ್ ಬಿಚ್ಚಿಕೊಳ್ಳುತ್ತೆ. ಕಂಪನಿ ಕಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬರಾದ ಅಲನ್ ಕ್ಲಾಪ್‌ಮೈಯರ್ ಅವರ ವಿಮಾನಕ್ಕೆ 1985ರಲ್ಲಿ ಗಾಳಿಯಲ್ಲೇ ಇನ್ನೊಂದು ವಿಮಾನ ಡಿಕ್ಕಿ ಹೊಡೆದಿತ್ತು. ಅವರು ಮುರಿದ ರೆಕ್ಕೆಯಲ್ಲೇ ಹೇಗೋ ಇಳಿಸಿದರು, ಇನ್ನೊಂದು ವಿಮಾನದ ಪೈಲಟ್ ಉಳಿಯಲಿಲ್ಲ. ಅಲ್ಲಿಂದ ಹುಟ್ಟಿದ್ದು ಈ ಯೋಚನೆ. ಇವತ್ತಿಗೆ 250ಕ್ಕೂ ಹೆಚ್ಚು ಜನ ಆ ಪ್ಯಾರಾಶೂಟಿನಿಂದ ಬದುಕಿ ಮನೆಗೆ ಹೋಗಿದ್ದಾರೆ. ಇದರ ಮುಂದೆ ಯಾವ ವಾದ ನಿಲ್ಲುತ್ತೆ ಹೇಳಿ?

ಆದರೂ ಒಂದು ವಿಚಿತ್ರ ನೋಡಿ. ಎಸ್ಆರ್20 ಮಾರುಕಟ್ಟೆಗೆ ಬಂದದ್ದು 1999ರಲ್ಲಿ. ಮೊದಲ ಸುಮಾರು ಹತ್ತು ವರ್ಷ ಸಿರಸ್ ವಿಮಾನಗಳ ಮಾರಣಾಂತಿಕ ಅಪಘಾತದ ದರ ಉಳಿದ ಸಣ್ಣ ವಿಮಾನಗಳಿಗಿಂತ ಏನೂ ಉತ್ತಮ ಇರಲಿಲ್ಲ. ಪ್ಯಾರಾಶೂಟ್ ಇತ್ತು, ಜನ ಎಳೆಯಲಿಲ್ಲ. "ನಾನು ಇಳಿಸ್ತೀನಿ ಬಿಡು" ಅಂದುಕೊಂಡರು. 2010ರ ದಶಕದಲ್ಲಿ ಕಂಪನಿ ಮತ್ತು ಮಾಲೀಕರ ಸಂಘ ಸೇರಿ ತರಬೇತಿಯ ರೀತಿಯನ್ನೇ ಬದಲಾಯಿಸಿದವು. ಅನುಮಾನ ಬಂದರೆ ಮೊದಲು ಎಳಿ, ಆಮೇಲೆ ಯೋಚನೆ ಮಾಡು ಅಂತ. ಆಗ ದರ ಇಳಿಯಿತು. ಅದೇ ಪ್ಯಾರಾಶೂಟ್, ಅದೇ ರೆಕ್ಕೆ. ಬದಲಾಗಿದ್ದು ಕೂತವರ ತಲೆ.

ಪರದೆಗಳ ಕಥೆಯೂ ಹೀಗೇ. ಹಳೇ ವಿಮಾನದಲ್ಲಿ ದುಂಡನೆ ಮುಳ್ಳಿನ ಗಡಿಯಾರಗಳು. ಹೊಸದರಲ್ಲಿ ಎರಡು ದೊಡ್ಡ ಟೀವಿ. ಇಷ್ಟು ಮಾಹಿತಿ ಕಣ್ಣೆದುರು ಇದ್ದರೆ ಅಪಘಾತ ಕಡಿಮೆ ಆಗಲೇಬೇಕು ಅಂತ ಎಲ್ಲರೂ ಅಂದುಕೊಂಡಿದ್ದರು. ಎನ್‌ಟಿಎಸ್‌ಬಿ 2002ರಿಂದ 2006ರವರೆಗೆ ತಯಾರಾದ 8,000ಕ್ಕೂ ಹೆಚ್ಚು ಸಣ್ಣ ವಿಮಾನಗಳನ್ನು ಹೋಲಿಸಿ 2010ರಲ್ಲಿ ವರದಿ ಕೊಟ್ಟಿತು. ಪರದೆ ಇದ್ದವುಗಳ ಒಟ್ಟು ಅಪಘಾತ ಕಡಿಮೆ, ಆದರೆ ಸಾವು ತಂದ ಅಪಘಾತದ ದರ ಹೆಚ್ಚು! ಕಾರಣ ಪರದೆ ಕೆಟ್ಟದ್ದು ಅಂತಲ್ಲ. ಅಂಥ ವಿಮಾನಗಳನ್ನು ಜನ ದೂರ ಒಯ್ದರು, ಕೆಟ್ಟ ಹವೆಯಲ್ಲಿ ಒಯ್ದರು. ಜೊತೆಗೆ ಪ್ರತಿ ಸಾಧನಕ್ಕೂ ಬೇಕಾದ ತರಬೇತಿ ಸಾಲದಾಗಿತ್ತು. ಜಿಪಿಎಸ್ ನಂಬಿ ಕಾರನ್ನು ಗದ್ದೆಗೆ ಇಳಿಸಿದವರ ಸುದ್ದಿ ನಾವು ಓದಿಲ್ವಾ, ಹಾಗೆ.

ಈಗ ನಾನು ಮೊದಲು ಹೇಳಿದ ಮಾತಿಗೆ ವಾಪಸ್ ಬರ್ತೀನಿ, ಆ "ಹೊಸ" ಸಿರಸ್‌ಗೂ ಇಪ್ಪತ್ತು ವರ್ಷ. ನಮ್ಮ ಕ್ಲಬ್ಬಿನಲ್ಲಿ ಯಾರೂ ಸರಿಯಾಗಿ ಯೋಚಿಸದ ವಿಷಯ ಇದು ಅಂತ ನನಗನ್ನಿಸುತ್ತೆ. ಬಹುಶಃ ನಾನು ಸಾಫ್ಟ್‌ವೇರ್‌ನವನಾದ್ದರಿಂದ ನನ್ನ ಕಣ್ಣಿಗೆ ಬಿತ್ತೇನೋ.

ಅಲ್ಯೂಮಿನಿಯಂ ತಗಡು, ರಿವೆಟ್ಟು, ನಾಲ್ಕು ಸಿಲಿಂಡರಿನ ಲೈಕಮಿಂಗ್ ಇಂಜಿನ್, ಇವು ಐವತ್ತು ವರ್ಷ ಬಾಳೋದು ಆಶ್ಚರ್ಯ ಅಲ್ಲ. 172 ಮೊದಲು ಹಾರಿದ್ದು 1955ರಲ್ಲಿ. 44,000ಕ್ಕೂ ಹೆಚ್ಚು ತಯಾರಾಗಿವೆ. ಯಾವ ಹಳ್ಳಿಯ ಏರ್‌ಪೋರ್ಟಿನಲ್ಲಿ ಕೆಟ್ಟು ನಿಂತರೂ ರಿಪೇರಿ ಗೊತ್ತಿರುವ ಮೆಕ್ಯಾನಿಕ್ ಸಿಗ್ತಾನೆ. ನಮ್ಮೂರಲ್ಲಿ ಅಂಬಾಸಿಡರ್‌ಗೆ ಇದ್ದ ಹಾಗೆ. ಆದರೆ ನೀವೇ ಹೇಳಿ, 2006ರ ಕಂಪ್ಯೂಟರ್ ಯಾರ ಮನೆಯಲ್ಲಿದೆ ಈಗ? ಆ ಕಾಲದ ವಿಮಾನಗಳ ಪರದೆ, ಆಟೋಪೈಲಟ್, ರೇಡಿಯೋ ಎಲ್ಲಾ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಕೆಟ್ಟರೆ ಅದೇ ಬೇಕು. ಅದೇ ಸಿಗದಿದ್ದರೆ ಇಡೀ ಗುಂಪನ್ನೇ ಬದಲಾಯಿಸಬೇಕು. ಆ ಹೊತ್ತಿನ ಸೆಸ್ನಾಗಳಲ್ಲೂ ಇದೇ ಪಾಡು. ಗಾರ್ಮಿನ್ ಜಿ1000 ಬಂದ ಮೊದಲ ವರ್ಷಗಳ ವಿಮಾನಗಳಲ್ಲಿ ನಿಖರವಾದ ಜಿಪಿಎಸ್ ಇಳಿಕೆಯ ಸೌಲಭ್ಯವೇ ಇರಲಿಲ್ಲ. ಅದನ್ನು ಸೇರಿಸೋಕೆ ಮಾಲೀಕರು ಕೈತುಂಬಾ ದುಡ್ಡು ಸುರಿಯಬೇಕಾಯಿತು.

ನಮ್ಮ ಹಳೇ ಸೆಸ್ನಾದಲ್ಲಿ ಪ್ರತಿ ಉಪಕರಣವೂ ತನ್ನಷ್ಟಕ್ಕೆ ತಾನು ಒಂದು ತೂತಿನಲ್ಲಿ ಕೂತಿದೆ. 2016ರಿಂದ ಈಚೆಗೆ, ಎಫ್ಎಎ ನಿಯಮ ಸ್ವಲ್ಪ ಸಡಿಲಿಸಿದ ಮೇಲೆ, ಆ ಹಳೇ ತೂತಿಗೇ ಹೊಂದುವ ಪುಟ್ಟ ಡಿಜಿಟಲ್ ಉಪಕರಣಗಳು ಕೆಲವು ಸಾವಿರ ಡಾಲರಿಗೆ ಸಿಗುತ್ತವೆ. ಸ್ಕ್ರೂ ಬಿಚ್ಚಿ ಹಳೇದನ್ನು ತೆಗಿ, ಹೊಸದನ್ನು ಕೂರಿಸು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಐವತ್ತು ವರ್ಷದ ಸಿಸ್ಟಮ್ಮು ಮಾಡ್ಯುಲರ್ ಆಗಿದೆ, ಇಪ್ಪತ್ತು ವರ್ಷದ್ದು ಅಲ್ಲ. 2020ರ ಜನವರಿಯಲ್ಲಿ ವಿಮಾನಗಳು ತಮ್ಮ ಸ್ಥಾನವನ್ನು ತಾವೇ ಸಾರುತ್ತಿರಬೇಕು ಅನ್ನೋ ನಿಯಮ ಬಂದಾಗಲೂ ನಮ್ಮ ಹಿರಿಯ ಸದಸ್ಯರು ಒಂದು ಪೆಟ್ಟಿಗೆ ತಂದು ಹಾಕಿಸಿ ಸುಮ್ಮನಾದರಂತೆ.

ಪ್ಯಾರಾಶೂಟಿಗೂ ಎಕ್ಸ್‌ಪೈರಿ ಇದೆ. ಹತ್ತು ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಲೇಬೇಕು, ಹದಿನೈದು ಸಾವಿರ ಡಾಲರಿಗಿಂತ ಕಡಿಮೆ ಆಗಲ್ಲ. ನಾವು ನೋಡಿರುವ ವಿಮಾನಕ್ಕೆ ಎರಡನೇ ಸಲ ಬದಲಾಯಿಸುವ ಸಮಯ ಈಗಲೇ ಬಂದಿದೆ. ಮಾರುವವನು ಯಾಕೆ ಮಾರ್ತಿದ್ದಾನೆ ಅಂತ ಗೊತ್ತಾಯಿತಲ್ಲ? :-)

ಇನ್ನೊಂದು ಇಂಜಿನಿಯರಿಂಗ್ ಲೆಕ್ಕ. 172 ಫ್ಲಾಪ್ ಇಳಿಸಿದಾಗ ಸುಮಾರು 43 ನಾಟ್ ವೇಗದವರೆಗೂ ಗಾಳಿಯಲ್ಲಿ ನಿಲ್ಲುತ್ತೆ, ಎಸ್ಆರ್20 ಸುಮಾರು 55 ನಾಟ್. ತೂಕ 2,300 ಪೌಂಡ್ ವಿರುದ್ಧ ಸುಮಾರು 3,000. ಇಂಜಿನ್ ನಿಂತು ಹೊಲದಲ್ಲಿ ಇಳಿಯಬೇಕಾದರೆ ಮೈ ತಡೆಯಬೇಕಾದ ಶಕ್ತಿ ವೇಗದ ವರ್ಗದ ಲೆಕ್ಕದಲ್ಲಿ ಬೆಳೆಯುತ್ತೆ. ಗುಣಿಸಿ ನೋಡಿದರೆ ಸಿರಸ್‌ನದು ಎರಡು ಪಟ್ಟಿಗೂ ಜಾಸ್ತಿ. ಅದಕ್ಕೇ ಅದಕ್ಕೆ ಪ್ಯಾರಾಶೂಟ್ ಬೇಕು, 172 ನಿಧಾನವಾಗಿರೋದೇ ಅದರ ರಕ್ಷಣೆ. ವೇಗದ ಲಾಭ ಎಷ್ಟು? 250 ನಾಟಿಕಲ್ ಮೈಲಿಯ ಲಾಸ್ ಏಂಜಲೀಸ್ ಪ್ರಯಾಣದಲ್ಲಿ ನಲವತ್ತು ನಿಮಿಷ.

ಕೊನೆಯದಾಗಿ ಪೆಟ್ರೋಲ್. ನಾವಿರೋದು ಸ್ಯಾನ್ ಹೋಸೆಯ ಪೂರ್ವದ ರೀಡ್-ಹಿಲ್‌ವ್ಯೂ ಏರ್‌ಪೋರ್ಟಿನಲ್ಲಿ. ಸುತ್ತ ಪೂರ್ತಿ ಮನೆಗಳು, ಶಾಲೆಗಳು. ಸಣ್ಣ ವಿಮಾನಗಳು ಇವತ್ತಿಗೂ ಬಹುಪಾಲು ಸೀಸ ಬೆರೆಸಿದ ಪೆಟ್ರೋಲನ್ನೇ ಕುಡಿಯುತ್ತವೆ ಅನ್ನೋದು ನಿಮಗೆ ಗೊತ್ತಿತ್ತಾ? ನನಗೂ ಗೊತ್ತಿರಲಿಲ್ಲ. ಏರ್‌ಪೋರ್ಟಿಗೆ ಹತ್ತಿರ ಇರುವ ಮಕ್ಕಳ ರಕ್ತದಲ್ಲಿ ಸೀಸ ಹೆಚ್ಚಿದೆ ಅಂತ ಕೌಂಟಿ ಮಾಡಿಸಿದ ಅಧ್ಯಯನ 2021ರಲ್ಲಿ ಹೇಳಿತು. 2022ರ ಜನವರಿಯಿಂದ ಕೌಂಟಿ ಇಲ್ಲಿ ಸೀಸದ ಪೆಟ್ರೋಲ್ ಮಾರಾಟ ನಿಲ್ಲಿಸಿತು. ತಮಾಷೆ ಏನಂದ್ರೆ, ನಮ್ಮ 1975ರ ಇಂಜಿನ್ನು 80 ಆಕ್ಟೇನ್ ಇಂಧನಕ್ಕೆ ಅಂತಲೇ ಮಾಡಿದ್ದು. ಸೀಸವಿಲ್ಲದ 94 ಆಕ್ಟೇನ್ ಕೊಟ್ಟರೆ ಅದಕ್ಕೆ ಹಬ್ಬದೂಟ. ನಾವು ನೋಡಿರುವ ಸಿರಸ್‌ನ ಇಂಜಿನ್ ಕೇಳೋದು 100. ಹಳೇ ವಿಮಾನ ಪರಿಸರಕ್ಕೆ ಕೆಟ್ಟದ್ದು ಅಂತ ಎಲ್ಲರ ನಂಬಿಕೆ. ಆದರೆ ಸೀಸದ ವಿಷಯದಲ್ಲಿ, ಬೇಲಿಯಾಚೆ ಆಡುವ ಮಕ್ಕಳ ಮಟ್ಟಿಗೆ, ನಮ್ಮ ಮುದುಕಪ್ಪನೇ ವಾಸಿ. 100 ಆಕ್ಟೇನಿನ ಸೀಸವಿಲ್ಲದ ಇಂಧನಕ್ಕೆ ಎಫ್ಎಎ 2022ರಲ್ಲಿ ಒಪ್ಪಿಗೆ ಕೊಟ್ಟಿದೆ, 2030ರೊಳಗೆ ಸೀಸ ಬಿಡಿಸುವ ಗುರಿಯೂ ಇದೆ. ಎಲ್ಲಾ ಕಡೆ ಸಿಗುವ ತನಕ ಈ ಮಾತು ಉಳಿಯುತ್ತೆ.

ಹಾಗಾದರೆ ನನ್ನ ವೋಟು? ಹಳೇದಕ್ಕೇ. ಆದರೆ ಷರತ್ತಿನ ಮೇಲೆ.

ಸಿರಸ್‌ಗೆ ಸಾಲ ಮಾಡಿದರೆ ಗಂಟೆಯ ದರ ಹೆಚ್ಚು ಕಡಿಮೆ ಎರಡರಷ್ಟಾಗುತ್ತೆ, ವಿಮೆಯೂ ಏರುತ್ತೆ. ನನ್ನಂಥವನು ತಿಂಗಳಿಗೆ ಆರು ಗಂಟೆ ಹಾರುವ ಕಡೆ ಮೂರು ಗಂಟೆ ಹಾರ್ತೀನಿ. ಮೂರು ಗಂಟೆ ಹಾರುವ ಪೈಲಟ್, ಎರಡು ಟೀವಿ, ಒಂದು ಪ್ಯಾರಾಶೂಟ್: ಈ ಮೂರನ್ನು ಕೂಡಿಸಿದರೆ ಸುರಕ್ಷತೆ ಬರಲ್ಲ ಅನ್ನೋದನ್ನೇ ಅಲ್ಲವೇ ಸಿರಸ್‌ನ ಮೊದಲ ಹತ್ತು ವರ್ಷ ತೋರಿಸಿದ್ದು? ಕೈ ಪಳಗಿರಬೇಕು. ಪಳಗೋದು ಹಾರಿದರೆ ಮಾತ್ರ.

ಷರತ್ತು ಏನು? ಮಿಗಿಸಿದ ದುಡ್ಡಿನಲ್ಲಿ ಸ್ವಲ್ಪ ಪಾಲು ಈ ಹಳೇ ವಿಮಾನಕ್ಕೇ ಹಾಕಬೇಕು. ನಾಲ್ಕೂ ಸೀಟಿಗೆ ಸರಿಯಾದ ಭುಜದ ಪಟ್ಟಿ. ಯಾವಾಗ ಬೇಕಾದರೂ ಕೈಕೊಡುವ ವ್ಯಾಕ್ಯೂಮ್ ಪಂಪಿನ ಬದಲು ಎರಡು ಡಿಜಿಟಲ್ ಉಪಕರಣ. ಪ್ರತಿ ಸಿಲಿಂಡರಿನ ಬಿಸಿ ತೋರಿಸುವ ಒಂದು ಮಾನಿಟರ್. ಕಾರ್ಬ್ಯುರೇಟರ್ ತಣ್ಣಗಾದರೆ ಎಚ್ಚರಿಸುವ ಒಂದು ಸೆನ್ಸರ್ (ಇದು ನನ್ನ ಸ್ವಾರ್ಥ). ಇಷ್ಟನ್ನೂ ಸೇರಿಸಿದರೂ ಸಿರಸ್‌ನ ಪ್ಯಾರಾಶೂಟ್ ಮತ್ತು ಎರಡು ವರ್ಷದ ಬಡ್ಡಿಗಿಂತ ಹೆಚ್ಚಾಗಲ್ಲ. ಸ್ಪ್ರೆಡ್‌ಶೀಟ್ ಮಾಡಿ ಎಲ್ಲರಿಗೂ ಕಳಿಸಿದ್ದೀನಿ.

ನಾನು ಸೋಲಬಹುದು. ಹನ್ನೆರಡರಲ್ಲಿ ಐದು ಜನ ಈಗಲೇ ಸಿರಸ್ ಕಡೆ ಇದ್ದಾರೆ. ಅದರಲ್ಲಿ ಒಬ್ಬರು ಹೇಳಿದ ಮಾತಿಗೆ ನನ್ನ ಹತ್ತಿರ ಇನ್ನೂ ಉತ್ತರ ಇಲ್ಲ. "ನೀನು ಹೇಳೋ ಲೆಕ್ಕ ಎಲ್ಲಾ ಸರಿ. ಆದರೆ ನಿನಗೇ ಹಾರುವಾಗ ಎದೆನೋವು ಬಂದರೆ? ಪಕ್ಕದಲ್ಲಿ ಕೂತವಳು ನನ್ನ ಹೆಂಡತಿ, ಅವಳಿಗೆ ಹಾರಿಸೋಕೆ ಬರಲ್ಲ. ಕೆಂಪು ಹಿಡಿ ಎಳೆಯೋಕೆ ಬರುತ್ತೆ." ಅವರ ವಯಸ್ಸು ಅರವತ್ತೆರಡು. ನನ್ನ ವಯಸ್ಸಿನವನಿಗೆ ಇಂಥ ಯೋಚನೆ ಬರೋದೇ ಇಲ್ಲ. ಅವರ ಕಡೆಯಿಂದ ನೋಡಿದರೆ ಅವರ ವೋಟು ಖಂಡಿತಾ ಸರಿ.

ಮೊನ್ನೆ ರಾತ್ರಿ ಅಮ್ಮನಿಗೆ ಇದನ್ನೆಲ್ಲಾ ವಿವರಿಸೋಕೆ ಹೋದೆ. ಅರ್ಧಕ್ಕೇ ತಡೆದು, "ಅದೆಲ್ಲಾ ಬಿಡು. ನನ್ನ ಸೀಟಿಗೆ ಬೆಲ್ಟ್ ಇದೆಯಾ ಇಲ್ವಾ ಅಷ್ಟು ಹೇಳು" ಅಂದಳು.

"ಅರ್ಧ ಇದೆಯಮ್ಮ" ಅಂದೆ.

"ಪೂರ್ತಿ ಹಾಕಿಸಿದ ಮೇಲೆ ಕರಿ. ಬರ್ತೀನಿ."

ಶನಿವಾರದ ವೋಟು ಯಾವ ಕಡೆ ಹೋದರೂ ಜೂನ್ ಒಳಗೆ ಆ ಬೆಲ್ಟ್ ಆಗಬೇಕು. ಕ್ಲಬ್ ಒಪ್ಪದಿದ್ದರೆ ಅಪ್ಪ ಅಮ್ಮನನ್ನ ಬೇಲಿ ಪಕ್ಕ ನಿಲ್ಲಿಸಿ, ನಾನೊಬ್ಬನೇ ಹಾರಿ ಕೈ ಬೀಸಿ ಬರ್ತೀನಿ. ಅಪ್ಪನಿಗೆ ಬೇಲಿ ಹೊಸದೇನಲ್ಲ.